ಏನನ್ನಾದರೂ ಅಳಿಸುವ ರಬ್ಬರು

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಮುಖ ತೊಳೆಯುತ್ತಾರೆ. ಹಿಂದಿನ ಸಂಜೆ ಬರೆದದ್ದರಲ್ಲಿ ಏನು ನಿಂತಿದೆ, ಏನು ಉದುರಿದೆ ಎಂದು ತಿಳಿಯುವ ತನಕ ಯಾರಿಗೂ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ನಿಜವಾದದ್ದು ನಿಲ್ಲುತ್ತದೆ, ಸುಳ್ಳಾದದ್ದು ಉದುರುತ್ತದೆ. ಬಣ್ಣ ಎಷ್ಟೇ ಒಳ್ಳೆಯದಿರಲಿ, ಬರೆದವರ ಕೈ ಎಷ್ಟೇ ಪಳಗಿದ್ದಿರಲಿ, ಸುಳ್ಳು ಬೆಳಗಾಗುವುದರೊಳಗೆ ಗೋಡೆಯ ಬುಡದಲ್ಲಿ ಪುಡಿಪುಡಿಯಾಗಿ ಬಿದ್ದಿರುತ್ತದೆ. ಅದನ್ನು ಗುಡಿಸುವುದಕ್ಕೆಂದೇ ಪುರಸಭೆಯವರು ಆಳುಗಳನ್ನು ಇಟ್ಟಿದ್ದಾರೆ. ಚುನಾವಣೆ ಬಂದಾಗ ಹೆಚ್ಚಿನ ಆಳುಗಳನ್ನು ತೆಗೆದುಕೊಳ್ಳಬೇಕಾಗುತ್ತದೆ.

ಹೊರಗಿನಿಂದ ಬಂದವರು ನಮ್ಮ ಬೋರ್ಡುಗಳನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಟೈಲರ್ ಅಂಗಡಿಯ ಮೇಲೆ "ಹೇಳಿದ ದಿನಕ್ಕೆ ಕೊಡುವುದಿಲ್ಲ, ಆದರೆ ಕೊಡುತ್ತೇವೆ" ಎಂದಿದೆ. ಡಾಕ್ಟರ ಬಾಗಿಲಲ್ಲಿ "ವಾಸಿಯಾಗುವವರು ಇಲ್ಲಿಯೂ ವಾಸಿಯಾಗುತ್ತಾರೆ" ಎಂದಿದೆ. ಹೋಟೆಲಿನವನು "ಬಿಸಿ ಬಿಸಿ ಇಡ್ಲಿ" ಎಂದು ಬರೆಸಿದಾಗ ಒಂದು "ಬಿಸಿ" ಉದುರಿ ಇನ್ನೊಂದು ಉಳಿದುಕೊಂಡಿತು, ಅವನು ಅಷ್ಟಕ್ಕೇ ಸಮಾಧಾನಪಟ್ಟುಕೊಂಡ. ಚುನಾವಣೆಗೆ ನಿಂತವರು ಬರೀ ಹೆಸರು ಬರೆಸಿ ಸುಮ್ಮನಾಗುತ್ತಾರೆ. ಒಬ್ಬನದು ಆ ಹೆಸರೂ ಉದುರಿತ್ತು. ಅವನು ಆ ಮೇಲೆ ಊರಲ್ಲಿ ಕಾಣಿಸಿಕೊಳ್ಳಲಿಲ್ಲ.

ಈ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ನಮ್ಮ ಯಜಮಾನರ ಕೈಕೆಲಸ. ಮೌನಾಚಾರ್ರು ಬರೆದದ್ದು ಉದುರುವುದಿಲ್ಲ ಎಂದು ಊರಲ್ಲಿ ಹೆಸರು. ಇವರು ಗೆರೆ ಎಳೆದು ಅಕ್ಷರದ ಅಂಚು ಕಟ್ಟುತ್ತಾರೆ, ನಾನು ಒಳಗೆ ಬಣ್ಣ ತುಂಬುತ್ತೇನೆ. ಮದುವೆಯಾದ ಹೊಸದರಲ್ಲಿ ನಿನಗೆ ಗಡಿ ದಾಟದ ಕೈ ಇದೆ ಎಂದು ಹೊಗಳಿದ್ದರು. ಬರುಬರುತ್ತಾ ನನಗೆ ಗೊತ್ತಾಯಿತು, ಅದು ಹೊಗಳಿಕೆಯಲ್ಲ, ಕೆಲಸ ಹಂಚಿದ್ದು ಅಂತ. ಆದರೂ ನಾನು ತುಂಬದೆ ಇವರ ಅಕ್ಷರ ದೂರಕ್ಕೆ ಕಾಣುವುದಿಲ್ಲ, ಅದು ಇವರಿಗೂ ಗೊತ್ತು.

ನಮ್ಮೂರಲ್ಲಿ ಜಾಹೀರಾತು ಮಾಡುವುದೆಂದರೆ ಹೊಗಳುವುದಲ್ಲ, ಉದುರದ ಮಾತು ಹುಡುಕುವುದು. ಅದಕ್ಕೆ ಇವರದೊಂದು ಕ್ರಮವಿದೆ. ಸಾಮಾನನ್ನು ಮನೆಗೆ ತಂದು ಬಳಸುತ್ತಾರೆ, ಕಾಡಿಸುತ್ತಾರೆ, ಆಮೇಲೆ ಹಿತ್ತಲ ಗೋಡೆಯ ಮೇಲೆ ಸಂಜೆ ಸಣ್ಣದಾಗಿ ಬರೆದು ಬೆಳಿಗ್ಗೆ ನೋಡುತ್ತಾರೆ. ಒಂದೊಂದು ಮಾತು ಹೆಚ್ಚಾದಂತೆ ಉದುರುವುದಕ್ಕೆ ಒಂದೊಂದು ದಾರಿ ಹೆಚ್ಚುತ್ತದೆ ಎನ್ನುತ್ತಾರೆ. ಅಷ್ಟು ಎಚ್ಚರದ ಮನುಷ್ಯ. ಅಂಥವರ ತಲೆಯ ಮೇಲೆ ಒಂದು ರಬ್ಬರು ಕೂತು ಕುಣಿಯುತ್ತದೆ ಎಂದು ಯಾರು ಅಂದುಕೊಂಡಿದ್ದರು.

ರಬ್ಬರು ನಮ್ಮ ಬೀಗರದು. ನಮ್ಮ ಒಬ್ಬಳೇ ಮಗಳು ವನಜಳನ್ನು ಇದೇ ಊರಿನ ನಂಜುಂಡಾಚಾರ್ರ ಮಗ ಪ್ರಭಾಕರನಿಗೆ ಕೊಟ್ಟಿದ್ದೆವು. ನಂಜುಂಡಾಚಾರ್ರು ಚಿನ್ನದ ಕೆಲಸ ಬಿಟ್ಟು, ಮನೆಯ ಹಿಂದೆ ಶೆಡ್ಡು ಹಾಕಿ, ಪೆನ್ಸಿಲ್ ಬರಹ ಅಳಿಸುವ ಬಿಳಿ ರಬ್ಬರು ಮಾಡಲು ಶುರುಮಾಡಿದ್ದರು. ಮೊಲ ಮಾರ್ಕ್ ರಬ್ಬರ್. ಹಪ್ಪಳದ ಹಲಗೆಯಷ್ಟು ದೊಡ್ಡ ತುಂಡನ್ನು ಕತ್ತರಿಸಿ, ಮೊಲದ ಚಿತ್ರದ ಕಾಗದ ಸುತ್ತುವುದು ನಮ್ಮ ವನಜಳ ಕೆಲಸ. ಅವಳು ಮನೆಗೆ ಬಂದರೆ ಕೈಯಿಂದ ಗಂಧಕದ ವಾಸನೆ ಬರುತ್ತಿತ್ತು. ನಾಲಿಗೆ ಅಮ್ಮನದು, ಕೈ ಅಪ್ಪನದು ಎಂದು ಅವಳನ್ನು ಎಲ್ಲರೂ ಹಾಸ್ಯ ಮಾಡುತ್ತಿದ್ದರು.

ಬಸ್ ನಿಲ್ದಾಣದ ಎದುರಿಗೆ ಹತ್ತಿ ಗಿರಣಿಯ ಉದ್ದ ಗೋಡೆಯಿದೆ. ಅದನ್ನು ಬಾಡಿಗೆಗೆ ಹಿಡಿದು ಬೀಗರು ಇವರ ಹತ್ತಿರ ಬಂದರು. ಇವರು ಎಂದಿನಂತೆ ರಬ್ಬರು ತಂದು ಕಾಡಿಸಿ, ಹಿತ್ತಲಲ್ಲಿ ಬರೆದು ನೋಡಿದರು. "ಚೆನ್ನಾಗಿ ಅಳಿಸುತ್ತದೆ" ಎಂದಾಗ "ಚೆನ್ನಾಗಿ" ಉದುರಿತು. "ಕಾಗದ ಹರಿಯುವುದಿಲ್ಲ" ಎಂಬುದು ಪೂರ್ತಿ ಉದುರಿತು, ಬಣ್ಣದ ಪುಡಿಯನ್ನು ನಾನೇ ಗುಡಿಸಿದೆ. "ಮಕ್ಕಳಿಗೆ ಇಷ್ಟ" ಎಂಬುದು ಅರ್ಧ ನಿಂತು ಅರ್ಧ ಜಾರಿತು. ಕೊನೆಗೆ "ಪೆನ್ಸಿಲ್ ಗೆರೆಯನ್ನು ಅಳಿಸುತ್ತದೆ" ಎಂಬುದು ಗಟ್ಟಿಯಾಗಿ ನಿಂತಿತು. ಇವರು ಸಂತೋಷದಿಂದ ಹೋಗಿ ಹೇಳಿದರೆ ಬೀಗರ ಮುಖ ಗಂಟಾಯಿತು. ಪೆನ್ಸಿಲ್ ಗೆರೆ ಅಳಿಸದ ರಬ್ಬರು ಯಾವುದಿದೆ, ಇದಕ್ಕೆ ಅಷ್ಟು ಉದ್ದದ ಗೋಡೆ ಯಾಕೆ ಬೇಕು ಎಂದರು. "ಏನನ್ನಾದರೂ ಅಳಿಸುತ್ತದೆ" ಎಂದು ಬರೆಯಿರಿ ಎಂದು ಪಟ್ಟು ಹಿಡಿದರು.

ಅದು ಉದುರುತ್ತದೆ ಎಂದು ಇವರು ಕೈಮುಗಿದು ಹೇಳಿದರು. ಉದುರಿದರೆ ಉದುರಲಿ, ಬರೆಯುವುದು ನಿಮ್ಮ ಕೆಲಸ ಎಂದರು ಅವರು. ಹೆಣ್ಣು ಕೊಟ್ಟವರು ನಾವು, ಎಷ್ಟು ಅಂತ ವಾದ ಮಾಡುವುದು. ಇವರು ಮನಸ್ಸಿಲ್ಲದ ಮನಸ್ಸಿನಿಂದ ಗೆರೆ ಎಳೆದರು, ನಾನು ಕೆಂಪು ತುಂಬಿದೆ. ಪಕ್ಕದಲ್ಲೊಂದು ಮೊಲ, ಅದರ ಕೈಯಲ್ಲಿ ರಬ್ಬರು. ಬೆಳಿಗ್ಗೆ ಬಂದು ಪೆನ್ಸಿಲ್ ಗೆರೆಯ ಮಾತನ್ನೇ ಅಲ್ಲಿ ಬರೆಯೋಣ ಎಂದು ಏಣಿಯನ್ನೂ ಅಲ್ಲೇ ಬಿಟ್ಟು ಬಂದೆವು.

ಬೆಳಿಗ್ಗೆ ಹೋಗಿ ನೋಡಿದರೆ ಜಾತ್ರೆಯಷ್ಟು ಜನ. ಗುಡಿಸುವವನು ಪೊರಕೆ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಗೋಡೆಯ ಬುಡದಲ್ಲಿ ಒಂದು ಚೂರು ಬಣ್ಣ ಬಿದ್ದಿರಲಿಲ್ಲ. ಏನನ್ನಾದರೂ ಅಳಿಸುತ್ತದೆ. ಒಂದು ದೀರ್ಘ, ಒಂದು ಒತ್ತು, ಏನೂ ಜಾರಿರಲಿಲ್ಲ. ಇವರು ಹತ್ತಿರ ಹೋಗಿ ಉಗುರಿನಿಂದ ಕೆರೆದು ನೋಡಿದರು, ಬರಲಿಲ್ಲ. ನನಗೋ ನಗು ಬರುತ್ತಿತ್ತು, ಆದರೆ ಸುತ್ತ ನೋಡಿದರೆ ನಗುವ ಮುಖ ಒಂದೂ ಇರಲಿಲ್ಲ.

ಅವತ್ತೇ ಮಧ್ಯಾಹ್ನ ಬೀಗರ ಅಂಗಡಿಯ ಮುಂದೆ ಸಾಲು ನಿಂತಿತು. ಇವರು ಒಂದು ರಬ್ಬರು ತಂದು ದೇವರ ಗೂಡಿನಲ್ಲಿ ಇಟ್ಟರು. ನಾನು ಅದನ್ನು ತೆಗೆದು ಮೊಣಕೈ ಮೇಲಿದ್ದ ಸುಟ್ಟ ಕಲೆಗೆ ಉಜ್ಜಿದೆ. ಚರ್ಮ ಕೆಂಪಾಯಿತೇ ಹೊರತು ಕಲೆ ಹೋಗಲಿಲ್ಲ. ಹೋಗಲಿಲ್ಲವಲ್ಲ ಎಂದು ತೋರಿಸಿದರೆ, ಉಜ್ಜುವುದಕ್ಕೆ ನಿನಗೆ ಬರುವುದಿಲ್ಲ ಎಂದರು. ಬರೆದವರೇ ಹೀಗೆ ಹೇಳಿದ ಮೇಲೆ ಮಿಕ್ಕವರ ಮಾತೇನು.

ನಿಜ ಹೇಳಬೇಕೆಂದರೆ ಮೊದಮೊದಲು ಒಳ್ಳೆಯದೇ ಆಯಿತು. ನಮ್ಮ ಬೀದಿಯ ಕೊನೆಯಲ್ಲಿ ಅಣ್ಣತಮ್ಮಂದಿರು ಒಂದು ಬದುವಿಗಾಗಿ ಮಾತು ಬಿಟ್ಟಿದ್ದರು. ಅಣ್ಣ ಹೋಗಿ ತಮ್ಮನ ಬಾಗಿಲ ಚೌಕಟ್ಟಿನ ಮೇಲೆ ರಬ್ಬರು ಉಜ್ಜಿ ಜಗಳ ಅಳಿಸಿದೆ ಎಂದ. ತಮ್ಮ ಗೋಡೆಯ ಮಾತು ನೆನಪು ಮಾಡಿಕೊಂಡು, ಹಾಗಾದರೆ ಊಟಕ್ಕೆ ಬಾ ಎಂದ. ಟೈಲರು ನನ್ನ ರವಿಕೆಯನ್ನು ಕೆಡಿಸಿದ್ದನ್ನು ನನ್ನೆದುರಿಗೇ ಅಳಿಸಿದ. ಕೆಟ್ಟ ತೋಳು ಹಾಗೇ ಇತ್ತು, ಆದರೆ ನನ್ನ ಕೋಪ ಎಲ್ಲಿ ಹೋಯಿತೋ ಕಾಣೆ, ನಕ್ಕು ಬಂದೆ. ಮೇಷ್ಟ್ರು ಹುಡುಗರ ಫೇಲು ಅಳಿಸಿದರು. ಯಾರೋ ತನ್ನ ಅಡ್ಡಹೆಸರು ಅಳಿಸಿಕೊಂಡ, ಮಾರನೆಯ ದಿನದಿಂದ ಎಲ್ಲರೂ ಅವನನ್ನು ಮರ್ಯಾದೆಯಿಂದ ಕರೆದರು. ಕಣ್ಣೆದುರಿಗೆ ಇದ್ದದ್ದನ್ನು ಇಲ್ಲ ಅನ್ನುವುದು ಇಷ್ಟು ಸುಲಭವೇ ಎಂದು ನನಗೆ ಒಳಗೊಳಗೇ ಗಾಬರಿಯಾಗಿತ್ತು. ಆದರೆ ಊರು ನಗುತ್ತಿರುವಾಗ ಒಬ್ಬಳು ಮುಖ ಊದಿಸಿಕೊಂಡು ಕೂರುವುದು ಹೇಗೆ.

ಆಮೇಲೆ ಒಂದು ದಿನ ವನಜ ಮನೆಗೆ ಬಂದಳು. ನಾನು ಜಗಲಿಯ ಮೇಲೆ ಕುಂಚ ತೊಳೆಯುತ್ತಾ ಕೂತಿದ್ದೆ. ಅವಳ ಮುಖ ಬಿಳಿಚಿಕೊಂಡಿತ್ತು. ಬಂದವಳೇ ನನ್ನ ಎದುರಿಗೆ ಕೂತು ಕೇಳಿದಳು.

"ಅಮ್ಮ, ನಾನು ನಿಂಗೆ ಕಾಣಿಸ್ತಿದೀನಾ?"

ಇದೆಂಥ ಆಟ ಎಂದು ಬೈದೆ. ಅವಳು ನನ್ನ ಒದ್ದೆ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಆಮೇಲೆ ನಡೆದದ್ದನ್ನು ಹೇಳಿದಳು. ಅಂಗಡಿಗೆ ಒಬ್ಬ ಹೆಂಗಸು ಸೊಂಟದ ಮೇಲೆ ಹೆಣ್ಣು ಮಗು ಎತ್ತಿಕೊಂಡು ಬಂದಿದ್ದಳಂತೆ. ಮಗುವಿನ ಕೆನ್ನೆಯ ಮೇಲೆ ಹುಟ್ಟಿನಿಂದ ಬಂದ ಕಪ್ಪು ಮಚ್ಚೆ. ತಾಯಿ ಅದನ್ನು ಅಳಿಸಲು ಉಜ್ಜಿ ಉಜ್ಜಿ ಕೆನ್ನೆಯಲ್ಲಿ ರಕ್ತ ಬಂದಿದೆ, ಸವೆದ ರಬ್ಬರು ಹಿಡಿದುಕೊಂಡು ಇನ್ನೊಂದು ಕೊಡಿ ಎನ್ನುತ್ತಿದ್ದಾಳೆ. ಮಗುವಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲವಂತೆ. ನೋಡಿದ ನನ್ನ ಮಗಳು ತಡೆಯಲಾರದೆ, ಸಾಲು ನಿಂತವರಿಗೆಲ್ಲ ಕೇಳಿಸುವ ಹಾಗೆ ಹೇಳಿದ್ದಾಳೆ.

"ಇದು ಪೆನ್ಸಿಲ್ ಗೆರೆ ಅಳಿಸೋ ರಬ್ಬರ್ ಕಣಮ್ಮ. ನಾನೇ ಕತ್ತರಿಸೋದು, ನಂಗೊತ್ತು. ಪೆನ್ನಿನ ಗೆರೆ ಕೂಡ ಹೋಗಲ್ಲ ಇದ್ರಲ್ಲಿ. ಮಗೀನ ಕೆನ್ನೆಗೆ ಉಜ್ಜಬೇಡ."

ಸಾಲಿನಲ್ಲಿ ಗುಸುಗುಸು ಎದ್ದಿತು. ನಂಜುಂಡಾಚಾರ್ರು ಗಲ್ಲಾ ಬಿಟ್ಟು ಎದ್ದು ಬಂದು, ಒಂದು ಹೊಸ ರಬ್ಬರಿನ ಕಾಗದ ಬಿಚ್ಚಿ, ಸೊಸೆಯ ಬೆನ್ನಿನ ಮೇಲೆ ಈ ಭುಜದಿಂದ ಆ ಭುಜಕ್ಕೆ ಒಂದು ಸಲ ಎಳೆದರು. ಬೈಯಲಿಲ್ಲ, ಹೊಡೆಯಲಿಲ್ಲ. ಎಳೆದು, ಅಳಿಸಿದೆ ಎಂದು, ಮುಂದಿನವರನ್ನು ಕರೆದರು. ಅಷ್ಟೇ. ಆ ಹೆಂಗಸು ವನಜಳ ಭುಜದಾಚೆಗೆ ಕೈ ಚಾಚಿ ಹೊಸ ರಬ್ಬರು ತೆಗೆದುಕೊಂಡು ಹೋದಳು. ಯಾರೂ ಇವಳನ್ನು ನೋಡಲಿಲ್ಲ. ಗಂಡನನ್ನು ಕರೆದರೆ ಅವನು ತಲೆ ಎತ್ತಲಿಲ್ಲ. ಬರುವ ದಾರಿಯಲ್ಲಿ ದಿನಾ ಮಾತಾಡಿಸುವ ಹೂವಿನವಳು ಮಾತಾಡಿಸಲಿಲ್ಲ, ಬಸ್ಸಿನವನು ಟಿಕೆಟ್ ಕೇಳಲಿಲ್ಲ.

ನಾಟಕ ಮಾಡ್ತಾರೆ, ಅಪ್ಪ ಬರಲಿ, ಎಲ್ಲರಿಗೂ ಬುದ್ಧಿ ಹೇಳ್ತಾರೆ ಎಂದು ಅವಳ ತಲೆ ನೇವರಿಸಿದೆ. ಇವರು ಸಂಜೆ ಬಂದರು. ಚಪ್ಪಲಿ ಬಿಟ್ಟು, ಕಂಬಕ್ಕೆ ಒರಗಿ ಕೂತರು. ಕಣ್ಣು ಕೆಂಪಾಗಿತ್ತು. ವನಜ ಬಂದಿದ್ದಾಳೆ ನೋಡಿ ಎಂದೆ. ಅವಳು ಇವರ ಮುಂದೆಯೇ ನಿಂತಿದ್ದಳು, ಎರಡು ಮಾರು ದೂರವೂ ಇರಲಿಲ್ಲ. ಇವರು ಆ ಕಡೆ ಕಣ್ಣು ಹಾಯಿಸಿ ಎಲ್ಲಿ ಎಂದರು.

ಮೂವತ್ತು ವರ್ಷದಿಂದ ನೋಡಿದ ಮುಖ ಅದು. ಸುಳ್ಳು ಹೇಳುವಾಗ ಹೇಗಿರುತ್ತದೆ, ಕೋಪ ಮುಚ್ಚಿಡುವಾಗ ಹೇಗಿರುತ್ತದೆ ಎಂಬುದೆಲ್ಲ ನನಗೆ ಗೊತ್ತು. ಅದು ನಟನೆಯ ಮುಖವಾಗಿರಲಿಲ್ಲ. ವನಜ ಮುಂದೆ ಬಂದು ಅಪ್ಪಾ ಎಂದು ಭುಜ ಮುಟ್ಟಿದಳು. ಇವರು ಚಳಿಯಾದವರ ಹಾಗೆ ಹೆಗಲ ಮೇಲಿನ ಟವೆಲ್ಲನ್ನು ಎಳೆದುಕೊಂಡರು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಮಗಳಿಗಾಗಿ, ಮಗಳ ಮುಂದೆಯೇ.

"ಬೀಗ್ರು ಹೇಳಿಕಳಿಸಿದ್ರು ಕಣೆ. ಅಳಿಸಿಬಿಟ್ರಂತೆ ನಮ್ಮ ಕೂಸನ್ನ."

ಇಲ್ಲೇ ನಿಂತಿದಾಳಲ್ರೀ, ನಿಮ್ಮ ಮೂಗಿನ ಕೆಳಗೆ, ಎಂದು ನಾನು ಕೂಗಿದೆ. ಇವರು ನನ್ನ ತಲೆಯ ಮೇಲೆ ಕೈಯಿಟ್ಟು ಹುಚ್ಚಿಯನ್ನು ಸಂತೈಸುವ ಹಾಗೆ ಸಂತೈಸಿದರು.

"ಹಂಗೆ ಅನ್ಬೇಡ. ಗೋಡೆ ಮೇಲೆ ನಾನೇ ಬರೆದಿದೀನಿ. ನೀನೇ ಬಣ್ಣ ತುಂಬಿದೀಯ. ಉದುರಲಿಲ್ಲ ಅದು."

ವನಜ ಒಳಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕೂತಳು. ಅವಳು ಆಮೇಲೆ ಅಪ್ಪನ ಮುಂದೆ ಅಳಲಿಲ್ಲ.

ಒಂದೆರಡು ದಿನ ಬಿಟ್ಟು ಅಳಿಯ ಪ್ರಭಾಕರ ಅವಳ ಸೀರೆಗಳ ಟ್ರಂಕು ಹೊತ್ತುಕೊಂಡು ಬಂದ. ಹೊಸಿಲಲ್ಲಿ ಅವಳೇ ನಿಂತಿದ್ದಳು. ಅವನು ಓರೆಯಾಗಿ ಅವಳನ್ನು ದಾಟಿ ಒಳಗೆ ಬಂದು, ಟ್ರಂಕು ಇಳಿಸಿ, ನಮ್ಮಿಬ್ಬರ ಕಾಲಿಗೆ ನಮಸ್ಕಾರ ಮಾಡಿದ. ಒಳ್ಳೆಯ ಹುಡುಗ, ಅದೇ ನನ್ನ ಹೊಟ್ಟೆ ಉರಿಸಿದ್ದು. ದಾಟುವಾಗ ಯಾಕೆ ಓರೆಯಾದೆ, ಯಾರೂ ಇಲ್ಲದಿದ್ದರೆ ನೇರ ಬರಬಹುದಿತ್ತಲ್ಲ ಎಂದು ಕೇಳಿದೆ. ಅವನು ಕಕ್ಕಾಬಿಕ್ಕಿಯಾಗಿ ಹೊಸಿಲನ್ನು ನೋಡಿದ, ನನ್ನನ್ನು ನೋಡಿದ. ಗೊತ್ತಿಲ್ಲ ಅತ್ತೆ, ನನಗೂ ಕಷ್ಟವಾಗ್ತಿದೆ ಎಂದು ಅತ್ತುಕೊಂಡೇ ಹೋದ. ವನಜ ಅವನು ಹೋದ ದಾರಿಯನ್ನು ನೋಡುತ್ತಾ ನಿಂತಿದ್ದಳು. ನನಗೆ ಅವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವಷ್ಟು ಸಿಟ್ಟು ಬಂತು.

ಊರು ಬಹಳ ಬೇಗ ಹೊಂದಿಕೊಂಡಿತು. ಬಾವಿಕಟ್ಟೆಯಲ್ಲಿ ಅವಳಿಗೆ ಜಾಗ ಬಿಡುತ್ತಿದ್ದರು, ಆದರೆ ಬಿಟ್ಟದ್ದು ಬಿಟ್ಟವರಿಗೇ ಗೊತ್ತಾಗುತ್ತಿರಲಿಲ್ಲ. ತರಕಾರಿಯವನು ಅವಳು ಆರಿಸಿದ ಬದನೆಕಾಯಿಯನ್ನು ನನ್ನ ಚೀಲಕ್ಕೆ ಹಾಕುತ್ತಿದ್ದ. ಓದು ಬಾರದ ಕೂಸುಗಳು ಮಾತ್ರ ಅವಳನ್ನು ಕಂಡು ನಗುತ್ತಿದ್ದವು, ತಾಯಂದಿರು ಅವುಗಳ ಮುಖವನ್ನು ಈ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡರೆ ಎಲ್ಲರೂ ಮರುಗುತ್ತಿದ್ದರು. ಒಬ್ಬೊಬ್ಬರೂ ಬಂದು ಸಮಾಧಾನ ಹೇಳುವಾಗ ಅವಳು ಅವರಿಗೆ ನೀರು ತಂದಿಡುತ್ತಿದ್ದಳು. ಕುಡಿದು ಹೋಗುತ್ತಿದ್ದರು.

ನಾನು ಬೀಗರ ಅಂಗಡಿಗೆ ಹೋಗಿ ಸಾಲನ್ನು ಸೀಳಿಕೊಂಡು ಎದುರಿಗೆ ನಿಂತೆ. ಏನು ಮಾಡಿದಿರಿ ನನ್ನ ಮಗಳನ್ನು ಎಂದು ಕೇಳಿದೆ. ಅವರು ಗಲಾಟೆ ಮಾಡಲಿಲ್ಲ, ಕುರ್ಚಿ ತರಿಸಿ ಕೂರಿಸಿದರು. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ ಒಂದೇ ಮಾತು ಕೇಳಿದರು.

"ಗೋಡೆ ಸುಳ್ಳು ಅಂತೀರಾ ಬೀಗಿತ್ತಿ?"

ನಮ್ಮೂರಲ್ಲಿ ಯಾರೂ ಆ ಮಾತು ಆಡಿದವರಿಲ್ಲ. ಎದ್ದು ಬಂದೆ. ದಾರಿಯಲ್ಲಿ ಗಿರಣಿಯ ಗೋಡೆಯ ಮುಂದೆ ನಿಂತು, ನಾನೇ ತುಂಬಿದ ಕೆಂಪು ಅಕ್ಷರಗಳನ್ನು ಮೊದಲ ಸಲ ಓದಿದವಳಂತೆ ಓದಿದೆ. ಆಗ ಹೊಳೆಯಿತು. ಗೋಡೆ ಸುಳ್ಳು ಹೇಳಿರಲಿಲ್ಲ. ಈ ಜನದ ಕೈಗೆ ಒಂದು ತುಂಡು ರಬ್ಬರು ಕೊಟ್ಟು, ಅಳಿಸುತ್ತದೆ ಎಂದು ಗೋಡೆಯ ಮೇಲೆ ಬರೆದುಬಿಟ್ಟರೆ ಸಾಕು, ಇವರು ಏನನ್ನಾದರೂ ಅಳಿಸುತ್ತಾರೆ. ಮಗಳನ್ನು, ಸೊಸೆಯನ್ನು, ಕಟ್ಟಿಕೊಂಡ ಹೆಂಡತಿಯನ್ನು. ನಮಗಿಂತ ಮೊದಲು ಗೋಡೆಗೆ ಅದು ಗೊತ್ತಾಗಿತ್ತು. ಅಲ್ಲೇ ಕಲ್ಲಿನ ಮೇಲೆ ಕೂತೆ.

ನನಗೊಬ್ಬಳಿಗೆ ಕಾಣುತ್ತಾಳಲ್ಲ, ಅಷ್ಟು ಸಾಕು, ನಾನಿರುವ ತನಕ ಸಾಕುತ್ತೇನೆ ಎಂದು ಧೈರ್ಯ ತಂದುಕೊಂಡೆ. ಅವಳು ಬೆಳಿಗ್ಗೆ ಎದ್ದ ಕೂಡಲೇ, ಅಮ್ಮ, ಕಾಣಿಸ್ತೀನಾ ಎಂದು ಕೇಳುತ್ತಿದ್ದಳು. ಕಾಣಿಸ್ತೀಯ ಕಣೆ ಎನ್ನುತ್ತಿದ್ದೆ. ಬರುಬರುತ್ತಾ ಅವಳ ದನಿ ಸಣ್ಣದಾಯಿತು. ಕರೆದರೆ ಒಂದೊಂದು ಸಲ ತಿರುಗುತ್ತಿರಲಿಲ್ಲ, ತನ್ನನ್ನೇ ಕರೆದದ್ದೆಂದು ಅವಳಿಗೆ ಅನ್ನಿಸುತ್ತಿರಲಿಲ್ಲವೇನೋ.

ಒಂದು ಮಧ್ಯಾಹ್ನ ಅಡುಗೆ ಮುಗಿಸಿ ತಟ್ಟೆ ಹಾಕಿದೆ. ಇವರಿಗೆ ಬಡಿಸಿದೆ, ನಾನು ಬಡಿಸಿಕೊಂಡೆ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದುಕೊಂಡು ಎರಡು ತುತ್ತು ತಿಂದೆ. ಮೂರನೆಯ ತುತ್ತು ಕೈಯಲ್ಲಿದ್ದಾಗ ಗೋಡೆಗೆ ಒರಗಿ ಕೂತಿದ್ದ ವನಜ ಕಣ್ಣಿಗೆ ಬಿದ್ದಳು. ಅವಳ ಮುಂದೆ ತಟ್ಟೆ ಇರಲಿಲ್ಲ. ನಾನು ಹಾಕಿರಲಿಲ್ಲ. ಮರೆತಿದ್ದೆ ಎನ್ನಲೂ ಆಗುವುದಿಲ್ಲ, ಆ ಹೊತ್ತಿನಲ್ಲಿ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಎಂಬುದೇ ನನ್ನೊಳಗೆ ಇರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ತುತ್ತು ಕೈಯಿಂದ ಜಾರಿತು.

ಎಂಜಲು ಕೈ ತೊಳೆದವಳೇ ಕೆಂಪು ಬಣ್ಣದ ಡಬ್ಬ, ಕುಂಚ, ಏಣಿ ತೆಗೆದುಕೊಂಡು ಹೊರಟೆ. ಇವರು ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಹೊಸಿಲು ದಾಟಿದ್ದೆ. ವನಜಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ, ಬಿಟ್ಟರೆ ಮತ್ತೆ ನೋಡದೆ ಹೋದೇನು ಎಂಬ ಭಯ. ಗಿರಣಿಯ ಗೋಡೆಯ ಮುಂದೆ ಏಣಿ ಹಾಕಿದೆ. ಹಾಕಿದ ಮೇಲೆ ಗೊತ್ತಾಯಿತು, ನನಗೆ ತುಂಬುವುದಕ್ಕೆ ಬರುತ್ತದೆ, ಅಂಚು ಕಟ್ಟುವುದಕ್ಕೆ ಬರುವುದಿಲ್ಲ. ನಾನು ಕೈಕಟ್ಟಿ ನಿಂತಾಗ ವನಜಳೇ ಸುಣ್ಣದ ಕಡ್ಡಿ ತೆಗೆದುಕೊಂಡು ಏಣಿ ಹತ್ತಿದಳು.

ಏನು ಬರೆಯಬೇಕು ಎಂಬುದೇ ದೊಡ್ಡ ಚರ್ಚೆಯಾಯಿತು. ಅಷ್ಟು ಕಷ್ಟದ ಜಾಹೀರಾತನ್ನು ಇವರೂ ಯಾವತ್ತೂ ಮಾಡಿರಲಿಕ್ಕಿಲ್ಲ. ನನ್ನ ಮಗಳು ಎಲ್ಲರ ಕಣ್ಣಿಗೂ ಕಾಣುತ್ತಾಳೆ ಎಂದು ಬರಿ ಎಂದೆ. ಅದು ಸುಳ್ಳಾಗುತ್ತದೆ, ಉದುರುತ್ತದೆ ಎಂದಳು. ನನ್ನ ಮಗಳನ್ನು ಯಾರೂ ಅಳಿಸಲಾರರು ಎಂದು ಬರಿ ಎಂದೆ. ಅವಳು ಕಡ್ಡಿ ಎತ್ತಲಿಲ್ಲ. ಮಧ್ಯಾಹ್ನದ ಆ ತಟ್ಟೆಯಿಲ್ಲದ ಊಟ ಇಬ್ಬರಿಗೂ ನೆನಪಿತ್ತು. ಕೊನೆಗೆ ಅವಳು ರಬ್ಬರಿನ ಮಾತಿನ ಕೆಳಗೆ, ಅಪ್ಪನ ಕೈಗಿಂತ ಅಂದವಾಗಿ, ಎರಡೇ ಪದ ಕಟ್ಟಿದಳು. "ವನಜ ಇದ್ದಾಳೆ." ನಾನು ತುಂಬಿದೆ. ಓಡಾಡುವವರು ನಿಂತು ನೋಡಿ, ಪಾಪ, ಆಚಾರ್ರ ಹೆಂಡತಿಗೆ ತಲೆ ನೆಟ್ಟಗಿಲ್ಲ ಎಂದು ಮಾತಾಡಿಕೊಳ್ಳುತ್ತಾ ಹೋದರು.

ಅವತ್ತು ಮಲಗುವಾಗ ಅವಳ ಸೆರಗನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡೆ. ಆ ಎರಡು ಪದ ಉದುರಿದರೆ ಮಿಕ್ಕವರ ಗತಿ ಹಾಗಿರಲಿ, ಬೆಳಿಗ್ಗೆ ನನ್ನ ಕಣ್ಣಿಗೇ ಅವಳು ಕಾಣುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹುಟ್ಟಿದ ಲಾಗಾಯ್ತು ಆ ಗೋಡೆಗಳ ಮಧ್ಯೆಯೇ ಬೆಳೆದವಳು ನಾನು. ನನ್ನ ಕಣ್ಣು ಎಷ್ಟು ಕಾಲ ಅವುಗಳಿಗೆ ಎದುರು ನಿಂತೀತು.

ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಜನ ಸೇರಿದ್ದರು. ನಂಜುಂಡಾಚಾರ್ರು, ಪ್ರಭಾಕರ, ಹೂವಿನವಳು, ಟೈಲರು, ಎಲ್ಲರೂ. ಇವರು ಎಲ್ಲರಿಗಿಂತ ಮುಂದೆ ನಿಂತಿದ್ದರು. ನಾನು ಜನರ ಬೆನ್ನುಗಳ ಸಂದಿಯಲ್ಲಿ ಕತ್ತು ಚಾಚಿ ನೋಡಿದೆ. ಮೇಲೆ, ಏನನ್ನಾದರೂ ಅಳಿಸುತ್ತದೆ. ಕೆಳಗೆ, ವನಜ ಇದ್ದಾಳೆ. ಎರಡೂ ನಿಂತಿದ್ದವು. ಗೋಡೆಯ ಬುಡ ಸ್ವಚ್ಛವಾಗಿತ್ತು.

ಒಂದೊಂದೇ ತಲೆ ನಮ್ಮ ಕಡೆ ತಿರುಗಿತು. ಮೊದಲು ಹೂವಿನವಳು.

"ಓ ವನಜಮ್ಮ, ಯಾವಾಗ ಬಂದ್ರಿ?"

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿಸಿದರು. ಸಣ್ಣಗಾಗಿದ್ದೀಯಲ್ಲ ಎಂದರು, ಹುಷಾರಿರಲಿಲ್ಲವೇ ಎಂದರು, ಬಹಳ ದಿನ ಆಯಿತಲ್ಲ ನೋಡಿ ಎಂದರು. ಒಬ್ಬರ ಮುಖದಲ್ಲೂ ನಾಚಿಕೆಯ ಸುಳಿವಿರಲಿಲ್ಲ. ಪ್ರಭಾಕರ ಹಬ್ಬದ ದಿನದ ಹಾಗೆ ನಗುತ್ತಾ ಬಂದು ಪಕ್ಕದಲ್ಲಿ ನಿಂತ. ನಂಜುಂಡಾಚಾರ್ರು, ಬಾಮ್ಮ, ಶೆಡ್ಡಲ್ಲಿ ಕೆಲಸ ರಾಶಿ ಬಿದ್ದಿದೆ ಎಂದರು. ನಾನು ದಂಗಾಗಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದೆ. ಮಗಳು ಅಳಿಸಿಹೋದಳೆಂದು ಸಮಾಧಾನ ಹೇಳಿಹೋದ ಬಾಯಿಗಳೇ ಇವು. ಅವರು ಅವಳನ್ನು ಕಾಣದೆ ಇದ್ದಾಗ ಬಂದದ್ದಕ್ಕಿಂತ ದೊಡ್ಡ ನಡುಕ ನನಗೆ ಆಗ ಬಂತು.

ಇವರು ಜನರನ್ನು ತಳ್ಳಿಕೊಂಡು ಓಡಿ ಬಂದು ಮಗಳನ್ನು ತಬ್ಬಿಕೊಂಡರು. ಎಲ್ಲಿಗೆ ಹೋಗಿದ್ದೆ ಮಗಳೇ ಎಂದು ಎರಡು ಮೂರು ಸಲ ಕೇಳಿದರು. ಅವಳು, ನಾನು ಎಲ್ಲೂ ಹೋಗಿರಲಿಲ್ಲ ಎಂದಳು. ಇವರ ಕಣ್ಣೀರನ್ನು ತನ್ನ ಸೆರಗಿನಿಂದ ಒರೆಸಿದಳು, ಅಷ್ಟು ಪ್ರೀತಿ ಅವಳಿಗೆ ಎಲ್ಲಿ ಉಳಿದಿತ್ತೋ. ಆಮೇಲೆ ಇವರ ಎರಡೂ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು.

"ಅಪ್ಪ, ಇವಾಗ ನಾನು ಇದೀನಾ?"

ಇವರು ಬಾಯಿ ತೆರೆದರು. ಆದರೆ ಮಾತು ಹೊರಡುವ ಮೊದಲು, ಅವಳ ಕೈ ಹಿಡಿದುಕೊಂಡೇ, ಒಂದು ಸಲ ಕತ್ತು ತಿರುಗಿಸಿ ಗೋಡೆಯನ್ನು ನೋಡಿದರು.